ಗೊತ್ತಿದ್ದೂ ಸುಮ್ನಿರೋದು ಒಳ್ಳೇತನ ಅಲ್ಲ

ಹೋದ ಸಲ ಹುರಳಿಕಾಳಿನ ಬಸ್ಸಾರು ಬರೆದಾಗ ನಿಮ್ಮಲ್ಲಿ ಅರ್ಧ ಜನ ಫೋನ್ ಮಾಡಿ ಬೈದ್ರಿ, ಬೆಳ್ಳುಳ್ಳಿ ಕಮ್ಮಿ ಹೇಳಿದೀಯ ಅಂತ. ಈ ಸಲ ಅಡುಗೆ ವಿಷಯ ಅಲ್ಲ. ಒಂದು ಸಿನಿಮಾ ವಿಷಯ, ಅದರ ಜೊತೆಗೆ ನಾನು ಕೊಟ್ಟ ಒಂದು ತಪ್ಪು ಬುದ್ಧಿವಾದದ ವಿಷಯ.

ಸ್ವಲ್ಪ ದಿನದ ಹಿಂದೆ ನಮ್ಮ ಸಂಬಂಧದಲ್ಲಿ ಒಬ್ಳು ಹುಡುಗಿ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದ್ಲು. ಯಾರು ಅಂತ ದಯವಿಟ್ಟು ಹುಡುಕೋಕೆ ಹೋಗ್ಬೇಡಿ, ಗುರುತು ಸಿಗದ ಹಾಗೇ ಬರೆದಿದೀನಿ. "ದೊಡ್ಡಮ್ಮ, ಇವ್ರು ದಿನಾ ಬೆಳಿಗ್ಗೆ ಲ್ಯಾಪ್‌ಟಾಪ್ ಬ್ಯಾಗು ಹಾಕ್ಕೊಂಡು ಹೋಗ್ತಾರೆ, ಸಂಜೆ ಬರ್ತಾರೆ. ಆದ್ರೆ ಆಫೀಸಿಗೆ ಹೋಗ್ತಿಲ್ಲ ಅನ್ಸುತ್ತೆ. ಕೊರಳಿಗೆ ಹಾಕ್ಕೊಳ್ಳೋ ಐಡಿ ಕಾರ್ಡು ಎರಡು ತಿಂಗಳಿಂದ ಕಾಣಿಸ್ತಿಲ್ಲ. ಕೇಳ್ಲಾ, ಬೇಡ್ವಾ?" ಅಂದ್ಲು. ನಾನು ಹಿಂದೆಮುಂದೆ ನೋಡದೆ, "ಕೇಳ್ಬೇಡ ಕಣೇ, ಗಂಡಸ್ರಿಗೆ ಅದು ಮಾನದ ಪ್ರಶ್ನೆ. ತಾನಾಗೇ ಬಾಯ್ಬಿಡೋವರೆಗೂ ಸುಮ್ನಿರು" ಅಂದ್ಬಿಟ್ಟೆ. ಪಾಪ, ಹೂಂ ದೊಡ್ಡಮ್ಮ ಅಂತ ಫೋನ್ ಇಟ್ಲು. ದೊಡ್ಡವಳಾಗಿ ಒಳ್ಳೆ ಮಾತು ಹೇಳಿದೆ ಅಂದ್ಕೊಂಡು ನಾನೂ ಮಲಗಿದೆ.

ಆ ಭಾನುವಾರ ಮಗಳು ಟೀವೀಲಿ ಒಂದು ಫ್ರೆಂಚ್ ಸಿನಿಮಾ ಹಾಕಿದ್ಲು. 2001ರಲ್ಲಿ ಬಂದದ್ದು, ಲೊರಾಂ ಕಾಂತೆ ಅನ್ನೋರ ನಿರ್ದೇಶನ. ಹೆಸರು 'ಲಾಂಪ್ಲ್ವಾ ದ್ಯು ತಾಂ'. ನನ್ನ ಬಾಯಲ್ಲಿ ಹೊರಳಲ್ಲ, ಮಗಳು ಹೇಳಿದ ಹಾಗೆ ಬರ್ದಿದೀನಿ. ವೇಳಾಪಟ್ಟಿ ಅಂತ ಅರ್ಥವಂತೆ, ಮಕ್ಕಳ ಸ್ಕೂಲಲ್ಲಿ ಗೋಡೆಗೆ ಅಂಟಿಸಿರ್ತಾರಲ್ಲ ಅದು. ಅದರಲ್ಲಿರೋ ಮೊದಲನೇ ಪದಕ್ಕೆ ಉದ್ಯೋಗ ಅನ್ನೋ ಅರ್ಥಾನೂ ಇದೆಯಂತೆ. ಇಂಗ್ಲಿಷಿನೋರು ಇದನ್ನ 'ಟೈಮ್ ಔಟ್' ಅಂತ ಕರೀತಾರೆ. ಎರಡೂಕಾಲು ಗಂಟೆ ಸಿನಿಮಾ. ಹಾಡಿಲ್ಲ, ಹೊಡೆದಾಟ ಇಲ್ಲ, ಸುಮಾರು ಹೊತ್ತು ಅವನು ಕಾರು ಓಡಿಸೋದೇ ಆಯ್ತು. ಅವರೆಕಾಯಿ ಸುಲಿಯೋಕೆ ಇಟ್ಕೊಂಡು ಕೂತಿದ್ದೆ. ಅರ್ಧಕ್ಕೆ ಬರೋ ಹೊತ್ತಿಗೆ ಕೈ ನಿಂತೇ ಹೋಗಿತ್ತು.

ಕಥೆ ಇಷ್ಟೇ. ವೆನ್ಸಾಂ ಅಂತ ಒಬ್ಬ ಗೃಹಸ್ಥ. ಹೆಂಡತಿ, ಮೂರು ಮಕ್ಕಳು, ಒಳ್ಳೆ ಮನೆ. ಅವನ ಕೆಲಸ ಹೋಗಿರುತ್ತೆ, ಮನೇಲಿ ಹೇಳಿರೋದಿಲ್ಲ. ಬೆಳಗಾದ್ರೆ ಹೊರಡ್ತಾನೆ, ಕಾರಲ್ಲೇ ಮಲಗ್ತಾನೆ, ಹೆಂಡತಿ ಫೋನ್ ಮಾಡಿದ್ರೆ ಮೀಟಿಂಗು ಅಂತಾನೆ. ಒಂದು ಸುಳ್ಳು ಮುಚ್ಚೋಕೆ ಇನ್ನೊಂದು ಬೇಕಲ್ಲ, ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ವಿಶ್ವಸಂಸ್ಥೆಯ ಕೆಲಸ ಸಿಕ್ತು ಅಂತ ಹೇಳ್ತಾನೆ. ಅಲ್ಲಿನ ದೊಡ್ಡ ಕಚೇರಿ ಒಳಗೆ ಹೋಗಿ ಯಾರದೋ ಕರಪತ್ರ ಓದಿ, ಗಾಜಿನಾಚೆ ಕೂತು ಕೆಲಸ ಮಾಡೋರನ್ನ ನೋಡಿ, ಮಾತಾಡೋ ಶೈಲಿ ಕಲಿತು ಬರ್ತಾನೆ. ಅಪ್ಪನ ಹತ್ರ ದುಡ್ಡು ತಗೋತಾನೆ. ಬಂಡವಾಳ ಹಾಕಿ ದುಪ್ಪಟ್ಟು ಮಾಡ್ಕೊಡ್ತೀನಿ ಅಂತ ಸ್ನೇಹಿತರ ದುಡ್ಡನ್ನೂ ತಗೋತಾನೆ. ಹೊಸ ಮನುಷ್ಯನ ವೇಷ ದಿನೇ ದಿನೇ ಬೆಳೀತಾ ಹೋಗುತ್ತೆ.

ಇದಕ್ಕೆ ಪ್ರೇರಣೆ ಆದದ್ದು ಅಲ್ಲೇ ನಡೆದ ಒಂದು ನಿಜವಾದ ಘಟನೆ. ಜಾನ್ ಕ್ಲೋಡ್ ರೊಮಾಂ ಅನ್ನೋನು ವಿಶ್ವ ಆರೋಗ್ಯ ಸಂಸ್ಥೆಯ ಡಾಕ್ಟರು ಅಂತ ಹದಿನೆಂಟು ವರ್ಷ ಮನೆಯವರನ್ನ, ಊರನ್ನ ನಂಬಿಸಿದ್ದ. ಅವನು ಡಾಕ್ಟರೂ ಅಲ್ಲ, ಕೆಲಸಾನೂ ಇರಲಿಲ್ಲ. ಸಿಕ್ಕಿಬೀಳೋ ಕಾಲ ಬಂದಾಗ, 1993ರ ಜನವರೀಲಿ, ಹೆಂಡತಿ, ಇಬ್ಬರು ಮಕ್ಕಳು, ಅಪ್ಪ ಅಮ್ಮ ಎಲ್ಲರನ್ನೂ ಕೊಂದ. ನಿಮ್ಮನ್ನ ಹೆದರಿಸೋಕೆ ಇದನ್ನ ಹೇಳ್ತಿಲ್ಲ. ಸಿನಿಮಾದವರು ಆ ಕೊಲೆಗಳನ್ನ ತೆಗೆದೇ ಹಾಕಿದಾರೆ, ನನಗೆ ಅದೇ ಸರಿ ಅನ್ನಿಸ್ತು. ಕೊಲೆ ಇದ್ದಿದ್ರೆ ಇವನು ಯಾವನೋ ರಾಕ್ಷಸ, ನಮ್ಮನೆಗೂ ಇದಕ್ಕೂ ಸಂಬಂಧ ಇಲ್ಲ ಅಂತ ಟೀವಿ ಆರಿಸ್ತಿದ್ವಿ.

ನನ್ನ ಕಣ್ಣು ಮಾತ್ರ ಪೂರ್ತಿ ಹೆಂಡತಿ ಮೇಲೇ ಇತ್ತು. ಕರೀನ್ ವಿಯಾರ್ ಅನ್ನೋ ನಟಿ ಮಾಡಿದಾರೆ. ಜೋರಾಗಿ ಅಳೋದಿಲ್ಲ, ಕೂಗೋದಿಲ್ಲ. ಗಂಡ ಬಂದ್ರೆ ಮುಖ ನೋಡ್ತಾಳೆ, ಊಟದ ಹೊತ್ತಿಗೆ ಮುಖ ನೋಡ್ತಾಳೆ. ಮಗಳು ನಡುವೆ ಒಂದ್ಸಲ "ಅಮ್ಮ, ಇವ್ಳಿಗೆ ಇಷ್ಟು ದಿನ ಆದ್ರೂ ಗೊತ್ತೇ ಆಗ್ಲಿಲ್ವಾ? ಅಷ್ಟು ಪೆದ್ದೀನಾ?" ಅಂದ್ಲು. ನಾನು ಉತ್ತರ ಕೊಡ್ಲಿಲ್ಲ. ಪಕ್ಕದ ಕುರ್ಚೀಲಿ ನಮ್ಮನೆಯವ್ರೂ ಕೂತಿದ್ರು. ಅವರೂ ಮಾತಾಡ್ಲಿಲ್ಲ.

ಈ ಪ್ರಶ್ನೆ ನಮಗೇನು ಹೊಸದಲ್ಲ. ನಾಗಮಂಡಲ ನೋಡಿದೋರೆಲ್ಲಾ ಕೇಳಿರೋ ಪ್ರಶ್ನೆನೇ. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆ ಇಟ್ಕೊಂಡು ಗಿರೀಶ ಕಾರ್ನಾಡರು 1988ರಲ್ಲಿ ಬರೆದ ನಾಟಕ ಅದು. ನಾಗಾಭರಣ ಅವರು 1997ರಲ್ಲಿ ಸಿನಿಮಾ ಮಾಡಿದ್ರು, ಪ್ರಕಾಶ್ ರೈ, ವಿಜಯಲಕ್ಷ್ಮಿ ಇದ್ರು. ಅಪ್ಪಣ್ಣ ಹೊಸ ಹೆಂಡತಿ ರಾಣೀನ ಮನೆ ಒಳಗೆ ಹಾಕಿ ಬೀಗ ಜಡಿದು ಇನ್ನೊಬ್ಬಳ ಮನೆಗೆ ಹೋಗ್ತಾನೆ. ರಾತ್ರಿ ನಾಗಪ್ಪ ಅದೇ ಅಪ್ಪಣ್ಣನ ರೂಪದಲ್ಲಿ ಬರ್ತಾನೆ. ಹಗಲು ಗಂಡ ಮಾತೇ ಆಡಲ್ಲ, ರಾತ್ರಿ ಗಂಡ ತಲೆ ನೇವರಿಸ್ತಾನೆ. ಹಗಲಿನ ಗಂಡಾನೂ ಏನೂ ಕೇಳ್ಬೇಡ ಅಂತಾನೆ, ರಾತ್ರಿ ಗಂಡಾನೂ ಏನೂ ಕೇಳ್ಬೇಡ ಅಂತಾನೆ. ಅವಳು ಕೇಳೋದಿಲ್ಲ.

ಆ ಸಿನಿಮಾನ ನಾನು ಮದುವೆಯಾದ ಹೊಸದರಲ್ಲಿ ಅತ್ತೆ ಜೊತೆ ನೋಡಿದ್ದೆ. "ಪಾಪ, ಮುಗ್ಧೆ, ಏನೂ ತಿಳೀದು" ಅಂತ ಅತ್ತೆ ಕಣ್ಣೊರೆಸ್ಕೊಂಡ್ರು. ನಾನೂ ಹಾಗೇ ಅಂದ್ಕೊಂಡಿದ್ದೆ. ಈಗ ಹಾಗೆ ಅನ್ಸಲ್ಲ. ಒಂದೇ ಮುಖ ಇದ್ರೂ ಕೈ ಬೇರೆ, ಮಾತು ಬೇರೆ, ಮೈ ತಣ್ಣಗೆ. ಸಂಸಾರ ಮಾಡಿದ ಹೆಣ್ಣಿಗೆ ಅದು ಗೊತ್ತಾಗ್ದೇ ಇರೋಕೆ ಸಾಧ್ಯಾನೇ? ಗೊತ್ತಾಗಿರುತ್ತೆ. ಗೊತ್ತಾಗಿದೆ ಅಂತ ತನಗೆ ತಾನೇ ಹೇಳ್ಕೊಳ್ಳೋಕೆ ಧೈರ್ಯ ಇರಲ್ಲ ಅಷ್ಟೇ. ಹೇಳ್ಕೊಂಡ್ರೆ ಇರೋದೂ ಹೋಗುತ್ತಲ್ಲ ಅನ್ನೋ ಭಯ.

ಇಷ್ಟು ಧೈರ್ಯವಾಗಿ ಹೇಗೆ ಹೇಳ್ತೀಯ ಅಂತೀರಾ? ನಾನು ಅದೇ ಕೆಲಸ ನಾಲ್ಕು ತಿಂಗಳು ಮಾಡಿದೀನಿ, ಅದಕ್ಕೆ.

2013ನೇ ಇಸವಿ. ನಮ್ಮನೆಯವ್ರು ಬೊಮ್ಮಸಂದ್ರದ ಕಡೆ ಒಂದು ಕಾರ್ಖಾನೇಲಿದ್ರು, ಹತ್ತೊಂಬತ್ತು ವರ್ಷದ ಸರ್ವೀಸು. ಬೆಳಿಗ್ಗೆ ಅರೆಕೆರೆ ಗೇಟಿಗೆ ಕಂಪನಿ ಬಸ್ಸು ಬರೋದು. ಮೇ ಕೊನೇಲಿ "ಇನ್ಮೇಲೆ ಕಂಪನಿ ಬಸ್ಸು ಈ ಕಡೆ ಬರಲ್ಲ, ಬಿಎಂಟಿಸೀಲೇ ಹೋಗ್ತೀನಿ" ಅಂದ್ರು. ಇರಬಹುದು ಅಂದ್ಕೊಂಡೆ. ಆಗ ನಮ್ಮನೇಲಿ ವಾಷಿಂಗ್ ಮಷಿನ್ ಇರಲಿಲ್ಲ. ಅವರ ನೀಲಿ ಯೂನಿಫಾರ್ಮು ನೆನೆಹಾಕಿದ್ರೆ ಬಕೆಟ್ಟಲ್ಲಿ ನೀರು ಕಪ್ಪಗೆ ಇಳಿಯೋದು. ಕಾಲರಲ್ಲಿ, ತೋಳಿನ ಅಂಚಲ್ಲಿ ಗ್ರೀಸು, ಬ್ರಶ್ ಹಾಕಿ ಉಜ್ಜಿ ಉಜ್ಜಿ ನನ್ನ ಬೆರಳೇ ಸವೆದಿತ್ತು. ಜೂನ್ ಮೊದಲ ವಾರ ಒಂದಿನ ನೆನೆಹಾಕಿ ಬಂದು ನೋಡ್ತೀನಿ, ನೀರು ಹಾಗೇ ತಿಳಿಯಾಗಿದೆ. ಬಟ್ಟೆ ಮೂಗಿಗೆ ಹಿಡಿದೆ. ಎಣ್ಣೆ ವಾಸನೆ ಇಲ್ಲ. ಬೆವರು, ಧೂಳು, ಹಳೇ ಪೇಪರಿನ ವಾಸನೆ.

ಆವತ್ತೇ ನನಗೆ ಗೊತ್ತಾಯ್ತು. ಆಮೇಲಿನ ದಿನಗಳಲ್ಲಿ ಒಂದೊಂದೇ ಕಂಡ್ವು. ಸಂಬಳ ಬ್ಯಾಂಕಿಗೆ ಬರೋದು ನಿಂತು ಒಂದನೇ ತಾರೀಖು ಕವರಲ್ಲಿ ಕೈಗೆ ಬರೋಕೆ ಶುರುವಾಯ್ತು, ಅಷ್ಟೇ ದುಡ್ಡು, ಒಂದು ರೂಪಾಯಿ ಹೆಚ್ಚುಕಮ್ಮಿ ಇಲ್ಲ. ಡಬ್ಬಿಯಲ್ಲಿ ಬೇರೆಯವರ ಮನೆ ಉಪ್ಪಿನಕಾಯಿ, ಪಲ್ಯ ಅಂಟಿಕೊಂಡು ಬರ್ತಿದ್ದದ್ದು ನಿಂತೋಯ್ತು. ಒಬ್ರೇ ಊಟ ಮಾಡ್ತಿದಾರೆ ಅಂತ ಡಬ್ಬಿನೇ ಹೇಳ್ತು.

ನಾನೇನು ಮಾಡಿದೆ ಗೊತ್ತಾ? ಕೊಳೆಯೇ ಇಲ್ಲದ ಯೂನಿಫಾರ್ಮನ್ನ ಮೊದಲಿನ ಹಾಗೇ ನೆನೆಹಾಕಿ, ಬ್ರಶ್ ಹಾಕಿ, ಅವರಿಗೆ ಕೇಳೋ ಹಾಗೆ ಜೋರಾಗಿ ಉಜ್ಜಿ ಒಗೆದೆ. ನಾಲ್ಕು ತಿಂಗಳು. ಅತ್ತೆ "ಯಾಕೆ ಇವನಿಗೆ ಓಟಿ ಇಲ್ವಾ ಈಗೀಗ" ಅಂದ್ರೆ "ಕಂಪನೀಲಿ ಆರ್ಡರ್ ಕಮ್ಮಿಯಂತೆ" ಅಂತ ನಾನೇ ಹೇಳ್ದೆ. ಪಕ್ಕದ ಮನೆಯವ್ರು "ನಿಮ್ಮನೆಯವ್ರನ್ನ ಮಧ್ಯಾಹ್ನ ಜಯನಗರದಲ್ಲಿ ಕಂಡ ಹಾಗಾಯ್ತು" ಅಂದ್ರೆ "ಕಂಪನಿ ಕೆಲಸಕ್ಕೆ ಬಂದಿರ್ತಾರೆ" ಅಂದೆ. ಕೆಲಸಕ್ಕೆ ಹೋಗೋ ಗಂಡ ಅನ್ನೋ ವೇಷ ಅವರು ಹಾಕಿದ್ರೆ, ಏನೂ ಗೊತ್ತಿಲ್ಲದ ಹೆಂಡತಿ ಅನ್ನೋ ವೇಷ ನಾನು ಹಾಕಿದ್ದೆ. ಇಬ್ರೂ ಎದುರುಬದುರು ಕೂತು ಮುದ್ದೆ ಉಣ್ತಿದ್ವಿ. ಇದನ್ನ ನಾನು ಪ್ರೀತಿ ಅಂದ್ಕೊಂಡಿದ್ದೆ, ಗಂಡನ ಮಾನ ಕಾಪಾಡ್ತಿದೀನಿ ಅಂತ.

ಆಯುಧಪೂಜೆ ಬಂತು. ಪ್ರತಿ ವರ್ಷ ಕಾರ್ಖಾನೇಲಿ ಮಷಿನ್‌ಗಳಿಗೆ ಪೂಜೆ ಮಾಡಿ ಎಲ್ಲರಿಗೂ ಕಡ್ಲೆಪುರಿ, ಸಿಹಿ ಡಬ್ಬ ಕೊಡೋರು. ಅತ್ತೆಗೆ ಅದಂದ್ರೆ ಬಹಳ ಹೆಮ್ಮೆ, ಮಗನ ಕಂಪನಿ ಸ್ವೀಟು ಅಂತ ಬೀದಿಗೆಲ್ಲಾ ಹಂಚೋರು. ಆವತ್ತೂ ಸಂಜೆ ಇವ್ರು ಡಬ್ಬ ತಂದ್ರು, ಹಣೇಲಿ ಕುಂಕುಮಾನೂ ಇತ್ತು. ಡಬ್ಬದ ಮೇಲೆ ಅಂಗಡಿ ಚೀಟಿ ಕೆರೆದು ತೆಗೆದ ಗುರುತು. ಅರ್ಧ ಕಿತ್ತು ಅರ್ಧ ಹಾಗೇ ಅಂಟಿಕೊಂಡಿತ್ತು. ಎಲ್ಲೋ ಬಸ್ ಸ್ಟಾಪಲ್ಲಿ ಕೂತು ಉಗುರಲ್ಲಿ ಕೆರೆದಿರಬೇಕು. ಅತ್ತೆಗೆ ಕಣ್ಣು ಮಂಜು, ಅವರಿಗೆ ಕಾಣಿಸ್ಲಿಲ್ಲ. ಮಗಳಿಗೊಂದು, ಎದುರು ಮನೆಯವ್ರಿಗೊಂದು ಅಂತ ಹಂಚ್ತಾ ಹೋದ್ರು.

ಆ ಡಬ್ಬ ನನ್ನ ಕೈಲಿ ಆಗ್ಲಿಲ್ಲ. ರಾತ್ರಿ ಎಲ್ಲಾ ಮಲಗಿದ ಮೇಲೆ ಅಂದೆ, "ರೀ, ನಾಳೆಯಿಂದ ಯೂನಿಫಾರ್ಮು ಒಗೆಯಲ್ಲ ನಾನು. ಅದರಲ್ಲಿ ಕೊಳೆ ಇಲ್ಲ."

ತುಂಬಾ ಹೊತ್ತು ಸುಮ್ನಿದ್ರು. ಆಮೇಲೆ "ಯಾವಾಗಿಂದ ಗೊತ್ತು?" ಅಂದ್ರು.

"ಜೂನಿಂದ."

ಅಳ್ತಾರೆ, ಇಲ್ಲಾ ಹಗುರಾಗ್ತಾರೆ ಅಂದ್ಕೊಂಡಿದ್ದೆ. ಅವರಿಗೆ ಕೋಪ ಬಂತು. "ಜೂನಿಂದ ಗೊತ್ತಿತ್ತಾ? ಗೊತ್ತಿದ್ದೂ ದಿನಾ ಡಬ್ಬಿ ಕಟ್ಟಿ ಕಳಿಸಿದ್ಯಾ? ಆ ಮಳೇಲಿ ನಾನು ಎಲ್ಲಿ ಕೂತ್ಕೋತೀನಿ ಅಂತ ಒಂದಿನಾನೂ ನಿಂಗೆ ಅನ್ನಿಸ್ಲಿಲ್ವಾ?"

ಈ ಮಾತಿಗೆ ನನ್ನ ಹತ್ರ ಆವತ್ತೂ ಉತ್ತರ ಇರಲಿಲ್ಲ, ಇವತ್ತೂ ಇಲ್ಲ. ಎಲ್ಲಿ ಕೂತ್ಕೋತಿದ್ರು ಅಂತ ಆಮೇಲೆ ಹೇಳಿದ್ರು. ಜಯನಗರದ ಕಡೆ ಒಂದು ಸಾರ್ವಜನಿಕ ಗ್ರಂಥಾಲಯ, ಸೋಮವಾರ ಅದಕ್ಕೆ ರಜ ಆದ್ದರಿಂದ ಆವತ್ತು ಲಾಲ್‌ಬಾಗು. ಪೇಪರಲ್ಲಿ ಕೆಲಸದ ಜಾಹೀರಾತು ನೋಡಿ ಗುರುತು ಹಾಕ್ಕೊಳ್ಳೋದು, ಹೋಗಿ ಕೇಳೋದು, ನಲವತ್ತೊಂಬತ್ತು ವಯಸ್ಸಾಯ್ತಾ ಅಂತ ವಾಪಸ್ ಕಳಿಸೋರು. ಕವರಲ್ಲಿ ನನಗೆ ಕೊಡ್ತಿದ್ದದ್ದು ಗ್ರಾಚ್ಯುಟಿ ದುಡ್ಡು. ಸರ್ವೀಸಿನ ಒಂದೊಂದು ವರ್ಷಕ್ಕೆ ಹದಿನೈದು ದಿನದ ಸಂಬಳದ ಲೆಕ್ಕದಲ್ಲಿ ಬರುತ್ತಲ್ಲ, ಅದು. ಮಗಳ ಕಾಲೇಜಿಗೆ ಅಂತ ಇಡಬೇಕಾದ ದುಡ್ಡನ್ನ ನಾವು ಸಂಬಳ ಅಂತ ನಾಟಕ ಆಡ್ಕೊಂಡು ಗೌರಿಹಬ್ಬಕ್ಕೆ ಸೀರೆ ತಗೊಂಡು ತಿಂದು ಮುಗಿಸಿದ್ವಿ. ಜೂನಲ್ಲೇ ನಾನು ಬಾಯಿ ಬಿಟ್ಟಿದ್ರೆ ಆ ಸೀರೆ ಬರ್ತಿರಲಿಲ್ಲ, ಕೇಬಲ್ಲು ತೆಗೆಸ್ತಿದ್ದೆ, ಆಮೇಲೆ ಮಾಡಿದ ಹುಳಿಪುಡಿ ಚಕ್ಕುಲಿ ವ್ಯಾಪಾರಾನ ನಾಲ್ಕು ತಿಂಗಳು ಮುಂಚೆ ಮಾಡ್ತಿದ್ದೆ. ಮಗಳ ಪಿಯುಸಿ ಫೀಸಿಗೆ ನನ್ನ ಬಳೆ ಅಡ ಇಡೋದು ತಪ್ಪುತ್ತಿತ್ತು. ನನ್ನ ಮೌನಕ್ಕೂ ಬೆಲೆ ಇತ್ತು, ಅದನ್ನ ಕಟ್ಟಿದ್ದು ಮನೆಯವರೆಲ್ಲಾ ಸೇರಿ.

ಯಾಕೆ ಹೇಳ್ಲಿಲ್ಲ ಅಂತ ಇವರನ್ನ ಎಷ್ಟೋ ಸಲ ಕೇಳಿದೀನಿ. "ಕಾರ್ಖಾನೆ ಮುಚ್ಚಿದ್ರೆ ಹೇಳ್ತಿದ್ದೆ ಕಣೇ. ಕಾರ್ಖಾನೆ ನಡೀತಾನೇ ಇತ್ತು, ನಾನೊಬ್ಬ ಬೇಡ ಆಗಿದ್ದೆ" ಅಂತಾರೆ. ಯೋಚನೆ ಮಾಡಿದ್ರೆ ನಿಜ. ನಮ್ಮ ಬೆಂಗಳೂರು ಕೆಲಸ ಹೋಗೋದನ್ನ ಕಾಣದ ಊರೇನಲ್ಲ. 2002ರಲ್ಲಿ ಎನ್‌ಜಿಇಎಫ್ ಮುಚ್ಚಿತು. ನಮ್ಮ ಮದುವೆಗಳಲ್ಲಿ ಮಾವ ಅಳಿಯನಿಗೆ ಕಟ್ತಿದ್ದ ಎಚ್‌ಎಂಟಿ ವಾಚಿನ ಕಂಪನೀನ ಮುಚ್ಚೋಕೆ 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನ ಮಾಡ್ತು. ಆಗೆಲ್ಲಾ ದುಃಖ ಇತ್ತು, ಆದ್ರೆ ಸುದ್ದಿ ಪೇಪರಲ್ಲಿ ಬಂದು ಬೀದಿಗೆಲ್ಲಾ ಗೊತ್ತಾಗಿರೋದು. ಮನೇಲಿ ಬಾಯ್ಬಿಟ್ಟು ಹೇಳೋ ಕಷ್ಟ ಇರಲಿಲ್ಲ, ಮುಚ್ಚಿಡೋಕೂ ಆಗ್ತಿರಲಿಲ್ಲ. ಈಗ ಒಬ್ಬೊಬ್ಬರಿಗೇ ಮೇಲ್ ಬರುತ್ತೆ. ನಮ್ಮ ಬನ್ನೇರುಘಟ್ಟ ರೋಡಲ್ಲಿ ಕಾಫಿ ಅಂಗಡೀಲಿ ಬೆಳಿಗ್ಗೆ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಬಿಚ್ಚಿ ಕೂತಿರೋ ಹುಡುಗರನ್ನ ನೋಡಿದಾಗೆಲ್ಲ, ಇವರಲ್ಲಿ ಯಾರು ನಿಜವಾಗ್ಲೂ ಕೆಲಸ ಮಾಡ್ತಿದಾರೋ, ಯಾರು ಮನೆಗೆ ಹೋಗೋ ಹೊತ್ತಾಗಲಿ ಅಂತ ಕಾಯ್ತಿದಾರೋ ಅಂತ ಅನ್ಸುತ್ತೆ.

ಹಾಗಾದ್ರೆ ಹೆಂಡತಿ ಪೊಲೀಸಿನ ಹಾಗೆ ವಿಚಾರಣೆ ಮಾಡ್ಬೇಕಾ ಅಂತ ನಿಮ್ಮಲ್ಲಿ ಕೆಲವರು ಕೇಳ್ತೀರಿ. ಸುಳ್ಳು ಹೇಳಿದ್ದು ಅವನು, ತಪ್ಪು ನಮ್ಮ ತಲೆಗಾ ಅಂತಾನೂ ಕೇಳ್ತೀರಿ. ಎರಡೂ ನ್ಯಾಯವಾದ ಮಾತೇ. ಸುಳ್ಳಿನ ತಪ್ಪು ಸುಳ್ಳು ಹೇಳಿದವರದ್ದೇ, ನಮ್ಮನೆಯವರೂ ಅದನ್ನ ಒಪ್ತಾರೆ. ಕೇಳಿದ್ರೆ ಕೈ ಎತ್ತೋ ಗಂಡ ಇರೋ ಮನೆಗಳಿದಾವೆ, ಅಂಥಾ ಕಡೆ ಒಬ್ಬಳೇ ಕೇಳು ಅಂತ ನಾನು ಖಂಡಿತಾ ಹೇಳಲ್ಲ. ತವರಿನವ್ರನ್ನೋ, ಅವನು ಮಾತು ಕೇಳೋ ಹಿರಿಯರನ್ನೋ ಜೊತೆಗೆ ಇಟ್ಕೊಳ್ಳಿ. ಉಳಿದ ಮನೆಗಳ ಬಗ್ಗೆ ನಾನು ಹೇಳ್ತಿರೋದು. ಕೇಳದೇ ಇರೋದನ್ನ ನಾವು ತಾಳ್ಮೆ ಅಂತೀವಿ, ಸಂಸಾರಸ್ಥೆ ಲಕ್ಷಣ ಅಂತೀವಿ. ನನ್ನ ವಿಷಯದಲ್ಲಿ ಅದು ಅರ್ಧ ಹೆದರಿಕೆ. ಕೇಳಿಬಿಟ್ರೆ ನಾಳೆಯಿಂದ ನಾನೂ ಏನಾದ್ರೂ ಮಾಡ್ಬೇಕಾಗುತ್ತಲ್ಲ ಅನ್ನೋ ಹೆದರಿಕೆ. ಅದಕ್ಕೆ ಗಂಡನ ಮಾನ ಅನ್ನೋ ಹೆಸರು ಕೊಟ್ಟಿದ್ದೆ.

ನಾಗಮಂಡಲದ ರಾಣಿ ಕೊನೆಗೆ ಉಳ್ಕೊಂಡಿದ್ದು ಹೇಗೆ ನೆನಪು ಮಾಡ್ಕೊಳ್ಳಿ. ಬಸುರಿ ಆದಾಗ ಪಂಚಾಯ್ತಿ ಸೇರುತ್ತೆ. ಅವಳು ಹುತ್ತಕ್ಕೆ ಕೈ ಹಾಕಿ ಹಾವು ಹಿಡ್ಕೊಂಡು ಆಣೆ ಮಾಡ್ತಾಳೆ, ಗಂಡನನ್ನ ಮತ್ತೆ ಈ ನಾಗಪ್ಪನನ್ನ ಬಿಟ್ಟು ಬೇರೆ ಗಂಡನ್ನ ಮುಟ್ಟಿಲ್ಲ ಅಂತ. ಅಕ್ಷರ ಅಕ್ಷರ ನಿಜ. ಅಷ್ಟು ದಿನ ಬೀಗದೊಳಗೆ ಸುಮ್ನಿದ್ದವಳನ್ನ ಕಾಪಾಡಿದ್ದು ಬಾಯ್ಬಿಟ್ಟು ಹೇಳಿದ ಆ ಒಂದು ಮಾತು. ಊರಿನೋರು ದೇವಿ ಅಂತ ಕಾಲಿಗೆ ಬಿದ್ರು. ನಮ್ಮನ್ನ ಯಾರೂ ದೇವಿ ಮಾಡೋದು ಬೇಡ, ಮಾತಾಡೋಕೆ ಹುತ್ತದವರೆಗೂ ಹೋಗ್ದೆ ಅಡುಗೆಮನೇಲೇ ಮುಗಿದ್ರೆ ಸಾಕು.

ಆ ಫ್ರೆಂಚ್ ಸಿನಿಮಾ ಕೊನೇಲಿ ವೆನ್ಸಾಂಗೆ ಹೊಸ ಕೆಲಸದ ಸಂದರ್ಶನ ಆಗ್ತಿರುತ್ತೆ. ಅವರು ಜವಾಬ್ದಾರಿ, ತಂಡ ಅಂತೆಲ್ಲಾ ಹೇಳ್ತಿದ್ರೆ ಇವನು ತಲೆ ಆಡಿಸ್ತಾನೆ. ಮಗಳು "ಅಬ್ಬಾ, ಒಳ್ಳೇದಾಯ್ತು ಬಿಡಮ್ಮ" ಅಂದ್ಲು. ನಮ್ಮನೆಯವ್ರು ಆಗ ಬಾಯ್ಬಿಟ್ರು. "ಎಲ್ಲಿ ಒಳ್ಳೇದಾಯ್ತು? ಅವನ ಮುಖ ನೋಡು. ಅವನನ್ನ ಇನ್ನೂ ಯಾರೂ ಸರಿಯಾಗಿ ಕೇಳೇ ಇಲ್ಲ."

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಆ ಹುಡುಗಿಗೆ ಫೋನ್ ಮಾಡಿ "ನಾನು ಹೇಳಿದ್ದು ತಪ್ಪಮ್ಮ, ಕೇಳು" ಅಂದೆ. ಹೇಗೆ ಕೇಳೋದು ಅಂದ್ಲು. ನನಗೆ ತೋಚಿದ್ದು ಹೇಳಿದೆ. ಅತ್ತೆ, ಮಕ್ಕಳ ಎದುರಿಗೆ ಬೇಡ. ಸುಳ್ಳು ಹೇಳಿದ್ರಿ ಅಂತ ಶುರು ಮಾಡ್ಬೇಡ, ನನಗೆ ಗೊತ್ತು ಅಂತ ಶುರು ಮಾಡು. ಮೊದಲು ನೀನು ಮುಚ್ಚಿಟ್ಟಿದ್ದನ್ನ ಮುಂದಿಡು, ಸಾಸಿವೆ ಡಬ್ಬಿ ದುಡ್ಡು, ಚೀಟಿ ದುಡ್ಡು ಎಲ್ಲಾ. ಆಮೇಲೆ ಒಂದು ನೋಟ್‌ಬುಕ್ ತಗೊಂಡು ಲೆಕ್ಕ ಬರೀರಿ. ಪಿಎಫ್ ಎಷ್ಟಿದೆ, ಮನೆ ಸಾಲದ ಕಂತು ಯಾವ ತಾರೀಖು, ಕಂಪನಿ ಕೊಟ್ಟಿದ್ದ ಆಸ್ಪತ್ರೆ ಇನ್ಶೂರೆನ್ಸು ಕೆಲಸದ ಜೊತೆಗೇ ಹೋಯ್ತಾ ಕೇಳು. ಅದನ್ನ ಎಲ್ಲರೂ ಮರೀತಾರೆ. ಜಗಳ ಆದ್ರೆ ಆಗ್ಲಿ, ಆ ಜಗಳಕ್ಕೆ ಒಂದು ಕೊನೆ ಇರುತ್ತೆ.

ಅವಳು ಕೇಳಿದ್ಲಂತೆ. ಏನಾಯ್ತು ಅನ್ನೋದು ಅವರ ಮನೆ ವಿಷಯ, ನಾನು ಬರೆಯಲ್ಲ. ಮರುದಿನ "ದೊಡ್ಡಮ್ಮ, ಇವತ್ತು ಇವ್ರು ಮನೇಲೇ ಊಟ ಮಾಡಿದ್ರು" ಅಂತ ಮಾತ್ರ ಮೆಸೇಜು ಹಾಕಿದ್ಲು.

ನಾವು ಅಕ್ಕಪಕ್ಕದೋರೂ ಒಂದು ಮಾಡ್ಬಹುದು. ಮದುವೆ ಮನೇಲಿ, ತರಕಾರಿ ಗಾಡಿ ಹತ್ರ ಸಿಕ್ಕಿದ ಕೂಡ್ಲೇ "ನಿಮ್ಮನೆಯವ್ರು ಎಲ್ಲಿ ಕೆಲಸ, ಎಷ್ಟು ಬರುತ್ತೆ" ಅಂತ ಕೇಳೋದು ಬಿಡೋಣ. ಆ ಪ್ರಶ್ನೆಗೆ ಉತ್ತರ ಕೊಡೋಕೇ ಎಷ್ಟೋ ಮನೇಲಿ ಈ ವೇಷ ಹಾಕೋದು.

ಇದನ್ನ ಹಾಕೋ ಮುಂಚೆ ಪೂರ್ತಿ ನಮ್ಮನೆಯವ್ರಿಗೆ ಓದಿ ಹೇಳಿದೀನಿ, ಅವರು ಒಪ್ಪಿದ ಮೇಲೇ ಹಾಕ್ತಿರೋದು. ಈಗ ಅವರು ಹುಳಿಮಾವಿನ ಕಡೆ ಒಂದು ಅಪಾರ್ಟ್‌ಮೆಂಟಲ್ಲಿ ಪಂಪು, ಜನರೇಟರು ನೋಡ್ಕೊಳ್ತಾರೆ. ಕೇಳಿ ಮುಗಿದ ಮೇಲೆ "ಎಲ್ಲಾ ಸರಿ, ಸ್ವೀಟು ಡಬ್ಬದ ಚೀಟಿ ಬಸ್ ಸ್ಟಾಪಲ್ಲಿ ಕೆರೆದಿದ್ದಲ್ಲ, ನಮ್ಮನೆ ಮೆಟ್ಟಿಲ ಮೇಲೆ ಕೂತು ಕೆರೆದಿದ್ದು. ಒಳಗೆ ನೀನು ಬಟ್ಟೆ ಉಜ್ಜೋ ಸದ್ದು ಕೇಳಿಸ್ತಿತ್ತು" ಅಂದ್ರು. ತಿದ್ದೋಣ ಅಂತಿದ್ದೆ, ಆಮೇಲೆ ಅವರ ಮಾತಲ್ಲೇ ಇರಲಿ ಅಂತ ಕೊನೇಲಿ ಹಾಕಿದೀನಿ. ಯೂನಿಫಾರ್ಮು ಈಗಲೂ ನೀಲಿನೇ. ಗ್ರೀಸು ಬಿಡ್ಸೋಕೆ ನಿಮಗೆ ಯಾರಿಗಾದ್ರೂ ಒಳ್ಳೆ ಉಪಾಯ ಗೊತ್ತಿದ್ರೆ ಹೇಳಿ.